ಏಳು ಒಂಟೆಗಳು ಮತ್ತು ಒಂದು ಬೀಸುಕಲ್ಲು

ಬಹಳ ಹಿಂದೆ, ಕಡಲಾಚೆ ರೋಮ್ ಎಂಬ ರಾಜ್ಯವಿತ್ತು. ಅದರ ಸೈನ್ಯ ಒಮ್ಮೆ ಮರಳುಗಾಡಿನ ಮೇಲೆ ದಂಡೆತ್ತಿ ಹೋಯಿತು. ಮರಳನ್ನು ಗೆದ್ದು ಏನು ಮಾಡುತ್ತಾರೋ, ದೊಡ್ಡವರಿಗೇ ಗೊತ್ತು!

ಆ ಸೈನ್ಯದಲ್ಲಿ ಎಂಟೆಂಟು ಜನಕ್ಕೆ ಒಂದು ಡೇರೆ, ಒಂದು ಹೇಸರಗತ್ತೆ, ಒಂದು ಬೀಸುಕಲ್ಲು. ಗೋಧಿ ಬೀಸಿಕೊಂಡರೆ ರೊಟ್ಟಿ, ಇಲ್ಲದಿದ್ದರೆ ಉಪವಾಸ. ಟುಲ್ಲಸ್ ಎಂಬ ಸಿಪಾಯಿಯ ಡೇರೆಯಲ್ಲಂತೂ ಬೀಸುವ ಸರದಿ ನನ್ನದಲ್ಲ, ನಿನ್ನದು ಎಂದು ದಿನವೂ ಕದನ.

ಒಂದು ದಿನ ಕುಂಟುತ್ತಿದ್ದ ಹೇಸರಗತ್ತೆಯನ್ನು ನಡೆಸಿಕೊಂಡು ಟುಲ್ಲಸ್ ಹಿಂದೆ ಉಳಿದ. ನೀರು ಹುಡುಕಲು ಮುಂದೆ ಹೋದ ಏಳು ಗೆಳೆಯರು ಹಮೂರನೆಂಬ ಮಾಯಾವಿಯ ಕೊಳದ ನೀರು ಕುಡಿದು ಒಂಟೆಗಳಾದರು. ಟುಲ್ಲಸ್ ಬಂದಾಗ ಅಲ್ಲಿ ನೂರು ಒಂಟೆಗಳು, ಮರಳ ಮೇಲೆ ಏಳು ಜೊತೆ ಚಪ್ಪಲಿ.

ಹಮೂರ ನಕ್ಕ. “ನಿನ್ನ ಏಳು ಜನರನ್ನು ಗುರುತಿಸು. ಗುರುತಿಸಿದರೆ ನನ್ನ ಮಾಯೆಯೆಲ್ಲ ಮುರಿಯುತ್ತದೆ. ಮೂರು ಸಲ ತಪ್ಪಿದರೆ ನೀನೂ ಒಂಟೆ!”

ಟುಲ್ಲಸ್ ಒಬ್ಬೊಬ್ಬರ ಹೆಸರು ಹಿಡಿದು ಕೂಗಿದ. ಯಾರಾದರೂ ಕರೆದರೆ ಸಾಕೆಂದು ಕಾದಿದ್ದ ನೂರೂ ಒಂಟೆಗಳು ತಲೆಯೆತ್ತಿದವು.

“ಒಂದು!” ಎಂದ ಹಮೂರ.

“ಸಾಲುಗಟ್ಟಿ!” ಎಂದು ಅಬ್ಬರಿಸಿದ ಟುಲ್ಲಸ್. ಮರಳುಗಾಡಿನಲ್ಲಿ ಸಾಲಾಗಿ ನಡೆದವರೇ ಎಲ್ಲರೂ. ನೂರೂ ಸಾಲುಗಟ್ಟಿದವು.

“ಎರಡು!”

ಗೆಳೆಯರಿಲ್ಲದೆ ಬದುಕಿ ತಾನೇ ಏನು ಸುಖ ಎಂದು ಟುಲ್ಲಸನಿಗೆ ಅಳು ಬಂತು. ಕಣ್ಣೊರೆಸಿಕೊಂಡು ಯೋಚಿಸಿದ. ಹೆಸರು ಎಲ್ಲರಿಗೂ ಇರುತ್ತದೆ, ಅಪ್ಪಣೆಗೆ ಎಲ್ಲರೂ ಬಗ್ಗುತ್ತಾರೆ. ನಮ್ಮವರು ಮಾತ್ರ ಮಾಡುವಂಥದ್ದು ಏನಿದೆ?

ಅವನು ಹೇಸರಗತ್ತೆಯ ಮೇಲಿಂದ ಬೀಸುಕಲ್ಲು ಇಳಿಸಿ, ಚೀಲದ ಗೋಧಿ ಸುರಿದು ಕೇಳಿದ: “ಇವತ್ತು ಬೀಸುವ ಸರದಿ ಯಾರದ್ರಪ್ಪಾ?”

ಹಸಿದ ತೊಂಬತ್ತಮೂರು ಒಂಟೆಗಳು ಗೋಧಿಗೆ ಮೂತಿ ಚಾಚಿದವು. ಏಳು ಮಾತ್ರ, ಏನೂ ಕೇಳಿಸಲಿಲ್ಲವೆಂಬಂತೆ ಮುಖ ಆ ಕಡೆ ತಿರುಗಿಸಿದವು.

“ಇವರೇ ನಮ್ಮ ಸೋಮಾರಿಗಳು!” ಎಂದು ಟುಲ್ಲಸ್ ಕುಣಿದ.

ಕೊಳ ಇಂಗಿತು. ಹಮೂರ ಗಾಳಿಯಲ್ಲಿ ಮರಳಾಗಿ ಹಾರಿಹೋದ. ಮಾಡಿದ್ದುಣ್ಣೋ ಮಹಾರಾಯ! ಏಳು ಜನ ಸಿಪಾಯಿಗಳಾಗಿ ಎದ್ದರು. ಉಳಿದವರು ಎಂದೋ ದಾರಿತಪ್ಪಿ ಸಿಕ್ಕಿಬಿದ್ದ ವರ್ತಕರು.

“ನಿನ್ನೆ ಬೀಸಿದ್ದು ನಾನೇ ಕಣೋ,” ಎಂದ ಹಿರಿಯ ಲಾರ್ಗಸ್, ಇನ್ನೂ ಮೈ ಕೊಡವುತ್ತಾ.

“ಇರಲಿ ಬಿಡು ಲಾರ್ಗಸಣ್ಣ,” ಎಂದು ಟುಲ್ಲಸ್ ಅವನನ್ನು ತಬ್ಬಿಕೊಂಡು ಅತ್ತೇಬಿಟ್ಟ.

ವರ್ತಕರು ಸಿಹಿನೀರಿನ ಬಾವಿ ತೋರಿಸಿದರು. ಸೈನ್ಯ ಉಳಿಯಿತು, ಎಲ್ಲರೂ ಸುಖವಾಗಿ ತಂತಮ್ಮ ಊರು ಸೇರಿದರು. ಅದಕ್ಕೂ ಮೊದಲು, ಅಂದು ಆ ಒಂದು ಚೀಲ ಗೋಧಿಯಲ್ಲೇ ನೂರೊಂದು ಜನ ಉಂಡರು. ಟುಲ್ಲಸನ ಪಾಲಿಗೆ ಬಂದದ್ದು ಅರ್ಧ ರೊಟ್ಟಿ, ಅದರಲ್ಲೂ ಮರಳು. ಅವನಿಗೆ ಹೊಟ್ಟೆ ತುಂಬಿಹೋಗಿತ್ತು.