ಪುಕ್ಕಲನಿಗೊಂದು ರೇಸು

ಬೇಸಿಗೆಯ ಬೆಳಗ್ಗೆ ಮೂರು ಸ್ವೆಟರ್ ಹಾಕಿಕೊಂಡು ಕುದುರೆ ಏರುವವನು ಒಂದೋ ಹುಚ್ಚನಾಗಿರಬೇಕು, ಇಲ್ಲವೇ ತೂಕ ಇಳಿಸುತ್ತಿರುವ ಜಾಕಿಯಾಗಿರಬೇಕು. ಕೊಕ್ಕರೆ ಎರಡೂ ಹೌದು ಎಂದು ಲಾಯದವರೆಲ್ಲ ಒಪ್ಪಿದ್ದರು.

ಆ ಹೆಸರು ಅವನಿಗೆ ಬಂದದ್ದು ಕಾಲುಗಳಿಂದ. ಜಾಕಿಯಾಗುವವರು ಒಂದು ಎತ್ತರಕ್ಕೆ ಬೆಳೆದು ಜಾಣತನದಿಂದ ನಿಂತುಬಿಡುತ್ತಾರೆ. ಇವನು ನಿಲ್ಲುವುದನ್ನು ಮರೆತ. ಜೀನಿನ ಮೇಲೆ ಮೊಣಕಾಲು ಮಡಚಿ ಕೂತನೆಂದರೆ, ಮೀನಿಗಾಗಿ ಕಾಯುತ್ತಿದ್ದ ಹಕ್ಕಿಯೊಂದು ಕೆರೆಯೆಂದು ತಪ್ಪಾಗಿ ತಿಳಿದು ಕುದುರೆಯ ಮೇಲೆ ಇಳಿದಂತಿರುತ್ತಿತ್ತು.

ಟ್ರ್ಯಾಕಿನ ಬೇಲಿಗೆ ಒರಗಿ ಟ್ರೇನರಮ್ಮ ಸ್ಟಾಪ್‌ವಾಚ್ ಹಿಡಿದು ನಿಂತಿದ್ದಳು. ಅವಳು ವಾಚು ನೋಡುತ್ತಿದ್ದಾಳೆಂದು ಉಳಿದವರು ನಂಬಿದ್ದರು.

ಕುದುರೆ ಮೂರು ವರ್ಷದ್ದು, ಕಂದು ಬಣ್ಣದ್ದು. ವಂಶಾವಳಿ ನೋಡಿದರೆ ಮಹಾರಾಜ. ಸ್ವಭಾವ ನೋಡಿದರೆ, ತನ್ನದೇ ನೀರಿನ ಬಕೆಟ್ಟಿಗೆ ಹೆದರುವ ಪ್ರಾಣಿ. ರೇಸಿನ ಪುಸ್ತಕದಲ್ಲಿ ಅದಕ್ಕೆ ಭಾರಿ ಹೆಸರೊಂದಿತ್ತು. ಲಾಯದಲ್ಲಿ ಪುಕ್ಕಲ ಎಂದರೆ ಮಾತ್ರ ಕಿವಿ ನಿಮಿರಿಸುತ್ತಿತ್ತು. ಆದರೆ ಅವಸರ ಮಾಡದೆ, ಮೊದಲರ್ಧ ತನ್ನ ಪಾಡಿಗೆ ಬಿಟ್ಟರೆ, ಕೊನೆಯ ತಿರುವಿನಲ್ಲಿ ಅದು ಏನೋ ನೆನಪಾದಂತೆ ಓಡುವುದನ್ನು ನೋಡಿದವರು ಮಾತು ನಿಲ್ಲಿಸುತ್ತಿದ್ದರು. ಟ್ರೇನರಮ್ಮನ ಅಪ್ಪನ ಕಾಲದಿಂದಲೂ ಆ ಲಾಯಕ್ಕೆ ಇಂಥ ಕುದುರೆ ಬಂದಿರಲಿಲ್ಲ.

“ಹೇಗಿತ್ತು?” ಎಂದಳು, ಕೊಕ್ಕರೆ ಕುದುರೆಯ ಮೇಲೆ ಹತ್ತಿರ ಬಂದಾಗ.

“ಮೊದಲು ನಿದ್ದೆ ಮಾಡ್ದ. ತಿರುವಲ್ಲಿ ಎದ್ದ. ಆಮೇಲೆ ನಾನು ಸುಮ್ನೆ ಕೂತಿದ್ದೆ, ಅವನೇ ಕರ್ಕೊಂಡು ಬಂದ.”

“ಸರಿ, ಇಳಿ.”

“ಇಳೀತೀನಿ. ಅವಸರ ಏನು? ಇಲ್ಲಿಂದ ನೀನು ಚೆನ್ನಾಗಿ ಕಾಣ್ತೀಯ.”

“ಅಲ್ಲಿಂದ ನನ್ನ ನೆತ್ತಿ ಮಾತ್ರ ಕಾಣತ್ತೆ.”

“ನಾನು ನೆತ್ತಿ ಬಗ್ಗೇನೇ ಹೇಳಿದ್ದು.”

ಬೇರೆಯವರೆದುರು ‘ಮೇಡಂ’ ಅನ್ನುವವನು ಇಬ್ಬರೇ ಇದ್ದಾಗ ಹೀಗೆ. ಅವಳು ತುಟಿ ಬಿಗಿಹಿಡಿದಳು, ಕಣ್ಣಿಗೆ ಹೇಳಿಕೊಡಲು ಮರೆತಳು.

ಅವನು ಇಳಿದ. ಇಳಿದವನ ಮಂಡಿಗಳು ಒಂದು ಕ್ಷಣ ಕಾಗದದಂತೆ ಮಡಚಿಕೊಂಡವು. ಜೀನಿನಿಂದ ತೂಗುವ ರಿಕಾಪು ಹಿಡಿದು ನಿಂತ.

“ಬೂಟು ಜಾರ್ತು.”

“ಒಣ ನೆಲದಲ್ಲಾ?”

“ಬೂಟಿಗೆ ಅದೆಲ್ಲ ಗೊತ್ತಾಗಲ್ಲ.”

ಬೆವರಿನಲ್ಲಿ ಅವನ ಮುಖ ಮೇಣದಂತೆ ಹೊಳೆಯುತ್ತಿತ್ತು, ಕೆನ್ನೆಯ ಮೂಳೆಗಳು ಹೊಸದಾಗಿ ಬಂದು ಕೂತಂತಿದ್ದವು. ಪ್ರೀತಿಸುವವರ ಮುಖ ತೆಳ್ಳಗಾಗುತ್ತದೆಂದು ಕಥೆಗಳಲ್ಲಿ ಓದಿದ್ದಳು. ಇವನದು ಹಸಿವಿನಿಂದ ತೆಳ್ಳಗಾದದ್ದು. ಅದರಲ್ಲಿ ತನ್ನ ಪಾಲೆಷ್ಟು ಎಂದು ಕೇಳುವ ಧೈರ್ಯ ಅವಳಿಗಿರಲಿಲ್ಲ.

*

ವರ್ಷದ ಅತಿ ದೊಡ್ಡ ರೇಸಾದ ಡರ್ಬಿಗೆ ಮುಂಚೆ ಪುಕ್ಕಲನಿಗೆ ಒಂದು ತಯಾರಿ ರೇಸು ಬೇಕಿತ್ತು. ಒಂದೇ. ಎರಡಾದರೆ ಅವನು ಸುಸ್ತಾಗುತ್ತಾನೆ, ಒಂದೂ ಇಲ್ಲದಿದ್ದರೆ ಡರ್ಬಿಯ ಗದ್ದಲಕ್ಕೆ ಬೆಚ್ಚುತ್ತಾನೆ. ಸಿಗುವ ರೇಸುಗಳೂ ಎರಡೇ, ಅವೂ ಒಂದೇ ವಾರದಲ್ಲಿ.

ಮೊದಲನೆಯದು ಚಿಕ್ಕದು. ಬಾಣದಂತೆ ನುಗ್ಗುವ ಕುದುರೆಗಳ ರೇಸು. ಡರ್ಬಿಯಲ್ಲಿರುವಂತೆ ಎಲ್ಲ ಕುದುರೆಗಳಿಗೂ ಒಂದೇ ಭಾರ: ಜಾಕಿ, ಜೀನು ಸೇರಿ ಐವತ್ತೇಳು ಕೆಜಿ. ಎರಡನೆಯದು ಉದ್ದದ್ದು, ನಿಧಾನವಾಗಿ ಬಿಸಿಯೇರುವ ರೇಸು. ಅದರಲ್ಲಿ ಯಾವ ಕುದುರೆ ಎಷ್ಟು ಹೊರಬೇಕೆಂದು ರೇಸ್ ಕ್ಲಬ್ಬಿನವರೇ ನಿಗದಿ ಮಾಡುತ್ತಾರೆ. ಗೆದ್ದ ಕುದುರೆಗಳಿಗೆ ಹೆಚ್ಚು, ಹೊಸಬರಿಗೆ ಕಡಿಮೆ. ಪುಕ್ಕಲನಿಗೆ ಕೊಟ್ಟದ್ದು ಐವತ್ತೊಂದು.

“ಐವತ್ತೊಂದು,” ಎಂದರು ಅಪ್ಪ. ಸೊಂಟದ ಮೂಳೆ ಮುರಿದು ಲಾಯವನ್ನು ಮಗಳಿಗೆ ಬಿಟ್ಟುಕೊಟ್ಟಿದ್ದರು, ನಾಲಿಗೆಯನ್ನು ಬಿಟ್ಟುಕೊಟ್ಟಿರಲಿಲ್ಲ. “ಕೊಕ್ಕರೆಯ ಮೂಳೆಗಳೇ ಅಷ್ಟು ತೂಗ್ತವೆ. ಮಾಂಸ, ಜೀನು, ಅಹಂಕಾರ ಎಲ್ಲ ಬೇರೆ.”

“ಇಳಿಸ್ತೀನಿ ಅಂತಾನೆ.”

“ಇಳಿಸ್ತಾನೆ. ಆಮೇಲೆ ಅವನನ್ನೂ ನಾವೇ ಇಳಿಸ್ಬೇಕು, ಸ್ಟ್ರೆಚರ್ ಮೇಲೆ. ಬೇರೆ ಜಾಕಿ ಹಾಕು.”

ಹಾಕಬಹುದಿತ್ತು. ಆದರೆ ಕುದುರೆಯ ಮಾಲೀಕರಿಗೊಂದು ನಂಬಿಕೆಯಿತ್ತು: ತಯಾರಿ ರೇಸಿನಲ್ಲಿ ಯಾರು ಕೂತರೋ ಡರ್ಬಿಗೂ ಅವರೇ. ನಡುವೆ ಜಾಕಿ ಬದಲಾದರೆ ಅದೃಷ್ಟ ಕೆಳಗಿಳಿಯುತ್ತದಂತೆ. ಕೊಕ್ಕರೆ ಈ ರೇಸಿಗೆ ಕೂರದಿದ್ದರೆ ಡರ್ಬಿಗೂ ಇಲ್ಲ. ಅವನಿಗೆ ಉಳಿದಿದ್ದ ಒಳ್ಳೆಯ ಕುದುರೆ ಇದೊಂದೇ. ಬೇರೆ ಲಾಯಗಳು ಅವನ ಎತ್ತರ ನೋಡಿ ಯಾವಾಗಲೋ ಕೈಬಿಟ್ಟಿದ್ದವು.

“ನಿನ್ನ ಕುದುರೆಗೆ ಯಾವ್ದು ಬೇಕು, ಅದನ್ನ ಹೇಳು,” ಎಂದರು ಅಪ್ಪ.

“ಇನ್ನೂ ಯೋಚ್ನೆ ಮಾಡ್ತಿದೀನಿ.”

“ಯೋಚ್ನೆ ಮಾಡೋ ವಿಷಯ ಇದ್ರೆ ನನಗೂ ಹೇಳು, ನಾನೂ ಮಾಡ್ತೀನಿ. ನಂಗೆ ಬೇರೆ ಕೆಲಸ ಇಲ್ಲ.”

ಯೋಚಿಸಲು ಏನೂ ಇರಲಿಲ್ಲ. ಪುಕ್ಕಲನಿಗೆ ಬೇಕಾದದ್ದು ಉದ್ದದ ರೇಸು. ಅದು ಅವಳಿಗೆ ಗೊತ್ತಿತ್ತು, ಅಪ್ಪನಿಗೆ ಗೊತ್ತಿತ್ತು, ಪ್ರಾಯಶಃ ಪುಕ್ಕಲನಿಗೂ ಗೊತ್ತಿತ್ತು.

*

ಮಧ್ಯಾಹ್ನ ಹುಲ್ಲಿನ ಕೋಣೆಯ ಮೆಟ್ಟಿಲ ಮೇಲೆ ಇಬ್ಬರೂ ಕೂತಿದ್ದರು. ಅವಳು ಕಿತ್ತಳೆ ಸುಲಿದಳು. ಅವನು ಸಿಪ್ಪೆ ಇಸಿದುಕೊಂಡು ಮೂಸಿದ.

“ನೀನು ತಿನ್ನು, ನಾನು ನೋಡ್ತೀನಿ.”

“ಒಂದು ತೊಳೆ ತಿಂದ್ರೆ ಸಾಯಲ್ಲ.”

“ಒಂದರಲ್ಲಿ ನಿಲ್ಲಲ್ಲ, ಅದೇ ಕಷ್ಟ. ನಿನ್ನ ವಿಷಯದಲ್ಲೂ ಹಾಗೇ ಆಯ್ತು. ಮೊದಲು ಬರೀ ಗುಡ್ ಮಾರ್ನಿಂಗ್ ಅಂತಿದ್ದೆ.”

ಅವಳು ತೊಳೆಯೊಂದನ್ನು ಬಾಯಿಗಿಟ್ಟುಕೊಂಡಳು. ಅವನು ಎಷ್ಟು ಗಮನವಿಟ್ಟು ನೋಡಿದನೆಂದರೆ ಅಗಿಯುವುದೇ ಅವಳಿಗೆ ಮರೆತುಹೋಯಿತು. ರಸ ತುಟಿಯಂಚಿಗೆ ಬಂತು. ಒರೆಸಲೆಂದು ಅವನು ಕೈಯೆತ್ತಿದ, ಅರ್ಧದಲ್ಲೇ ನಿಲ್ಲಿಸಿದ. ಆ ಕೈ ನಡುಗುತ್ತಿತ್ತು. ನಾಚಿಕೆಯಿಂದ ಎಂದುಕೊಳ್ಳಲು ಅವಳು ಬಹಳ ಪ್ರಯತ್ನಿಸಿದಳು.

“ಉದ್ದದಕ್ಕೇ ಹಾಕು,” ಎಂದ. “ಐವತ್ತೊಂದಕ್ಕೆ ಬರ್ತೀನಿ. ಮಾತು ಕೊಡ್ತೀನಿ.”

“ನೀನು ನಿನ್ನೆ ಏನು ತಿಂದೆ?”

“ಐಸು.”

“ಮೊನ್ನೆ?”

“ಬೇರೆ ಐಸು.”

ಅವಳಿಗೆ ನಗು ಬರಲಿಲ್ಲ. “ಹೀಗೇ ಆದ್ರೆ ನಿನ್ನ ಕಿಡ್ನಿ ಹೋಗತ್ತೆ ಅಂತ ಡಾಕ್ಟರ್ ಹೇಳಿದಾರೆ ತಾನೆ?”

“ಡರ್ಬಿ ಆದ್ಮೇಲೆ ಹೋಗ್ಲಿ. ನಾನೇ ಹೋಗಿ ಬಿಟ್ಟು ಬರ್ತೀನಿ.”

ಇಂಥ ಮಾತಿಗೆ ಉತ್ತರವಾಗಿ ಹೇಳಬೇಕಾದ್ದು ಒಂದಿತ್ತು. ಅದು ಅವಳ ಬಾಯಿಗೆ ಬಂದು, ಕಿತ್ತಳೆಯ ಬೀಜದ ಜೊತೆ ಅಂಗೈಗೆ ಬಿದ್ದು, ಕಸದ ಬುಟ್ಟಿ ಸೇರಿತು.

ಸಂಜೆ ಪುಕ್ಕಲನ ಹೆಸರು ಕೊಡಲು ಕ್ಲಬ್ಬಿನ ಕಿಟಕಿಯ ಮುಂದೆ ನಿಂತಳು. “ಯಾವುದಕ್ಕಮ್ಮ?” ಎಂದ ಗುಮಾಸ್ತ, ತಲೆಯೆತ್ತದೆ.

“ಚಿಕ್ಕದಕ್ಕೆ.”

ಗುಮಾಸ್ತ ತಲೆಯೆತ್ತಿದ.

*

“ಯಾಕೆ ಚಿಕ್ಕದು?” ಎಂದು ಕೊಕ್ಕರೆಯೂ ಕೇಳಿದ.

“ಅವನಿಗೆ ಸ್ಪೀಡ್ ಅಭ್ಯಾಸ ಆಗ್ಬೇಕು. ಡರ್ಬಿಯಲ್ಲಿ ಎಲ್ಲರೂ ಅವನಿಗೋಸ್ಕರ ಕಾಯಲ್ಲ.”

ಕುದುರೆಯ ವಿಷಯದಲ್ಲಿ ಅವಳು ಸುಳ್ಳು ಹೇಳಿದ್ದು ಅದೇ ಮೊದಲು. ಹಾಗಾಗಿ ಅವನು ನಂಬಿದ. ಅಪ್ಪ ನಂಬಲಿಲ್ಲ. “ಲಾಯ ನಿಂದು,” ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿ ಮಲಗಿದರು.

ಆ ವಾರ ಕೊಕ್ಕರೆ ಮೊಟ್ಟೆ ತಿಂದ. ಬ್ರೆಡ್ಡು ತಿಂದ. ಒಂದು ದಿನ ಕೆನ್ನೆಗೆ ಬಣ್ಣ ಬಂತು, ಇನ್ನೊಂದು ದಿನ ಸೀಟಿ ಬಂತು. ಅವಳು ಸ್ಟಾಪ್‌ವಾಚ್ ಹಿಡಿದು ಆ ಸೀಟಿ ಕೇಳುತ್ತ ನಿಲ್ಲುತ್ತಿದ್ದಳು. ಅಷ್ಟು ಸುಖವಾಗಿ ಅವಳು ಯಾವ ತಪ್ಪನ್ನೂ ಮಾಡಿರಲಿಲ್ಲ.

ರೇಸಿನ ದಿನ ಓಟ ಶುರುವಾಗುವ ಕಬ್ಬಿಣದ ಗೇಟುಗಳು ಧಡಾರನೆ ತೆರೆದವು. ಉಳಿದ ಕುದುರೆಗಳು ಸಿಡಿದವು. ಪುಕ್ಕಲ ಎಂದಿನಂತೆ ನಿದ್ದೆಯಿಂದಲೇ ಹೊರಟ, ಆದರೆ ಇಲ್ಲಿ ನಿದ್ದೆಗೆ ಜಾಗವಿರಲಿಲ್ಲ. ಎಡಕ್ಕೊಂದು, ಬಲಕ್ಕೊಂದು ಕುದುರೆ ಒತ್ತಿಕೊಂಡು ಬಂದವು. ಪಕ್ಕದ ಜಾಕಿಯ ಚಾವಟಿ ಅವನ ಮೂತಿಯ ಹತ್ತಿರವೇ ಬೀಸಿತು. ಮುಂದಿನವುಗಳ ಗೊರಸು ಎಸೆದ ಮಣ್ಣು ಕಣ್ಣಿಗೆ ಬಡಿಯಿತು. ಅವನು ತಲೆಯೆತ್ತಿ, ಬಾಯಿ ತೆರೆದು, ನಾಲ್ಕೂ ಕಾಲೂರಿ ನಿಂತುಬಿಡಲು ನೋಡಿದ. ಕೊಕ್ಕರೆ ಲಗಾಮು ಸಡಿಲಿಸಿ ಕತ್ತು ಸವರುತ್ತ ಏನೋ ಹೇಳುತ್ತಿದ್ದದ್ದು ದೂರದಿಂದಲೂ ಕಾಣುತ್ತಿತ್ತು. ಎಲ್ಲರೂ ಮುಗಿಸಿದ ಮೇಲೆ, ಮೈಯೆಲ್ಲ ನೊರೆಯಾಗಿ, ಪುಕ್ಕಲ ಒಬ್ಬನೇ ಬಂದ.

ಕುದುರೆ ಡಾಕ್ಟರು ಮುಟ್ಟಿ ಮುಟ್ಟಿ ನೋಡಿದರು. “ನಾಲ್ಕೂ ಕಾಲು ಸರಿ ಇವೆ. ನಾನು ಕಾಲಿಗೆ ಮಾತ್ರ ಡಾಕ್ಟರು.”

ಮತ್ತೆ ಪುಕ್ಕಲ ಗೇಟಿನ ಹತ್ತಿರ ಹೋಗಲಿಲ್ಲ. ಕಬ್ಬಿಣದ ಸದ್ದು ಕೇಳಿದರೆ ಸಾಕು, ಮೂಲೆಗೆ ಮುಖ ಮಾಡಿ ನಿಂತು ನಡುಗುತ್ತಿದ್ದ. ಉದ್ದದ ರೇಸನ್ನು, ದಿನಾ ಬೆಳಗ್ಗೆ ಅವನು ಹಿಂದೆ ಹಾಕುತ್ತಿದ್ದ ಪಕ್ಕದ ಲಾಯದ ಕುದುರೆಯೊಂದು ಆರಾಮವಾಗಿ ಗೆದ್ದಿತು. ಮಾಲೀಕರು ಡರ್ಬಿಯಿಂದ ಹೆಸರು ವಾಪಸು ಪಡೆದು, ಕುದುರೆಯನ್ನು ತಮ್ಮ ಫಾರ್ಮಿಗೆ ಸಾಗಿಸಲು ವ್ಯಾನು ಕಳಿಸಿದರು. ಅವರು ಬೈಯಲೂ ಇಲ್ಲ. ಬೈದಿದ್ದರೆ ಅವಳಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

ವ್ಯಾನಿಗೂ ಪುಕ್ಕಲ ಹತ್ತಲಿಲ್ಲ. ಕೊನೆಗೆ ಕೊಕ್ಕರೆ ತನ್ನ ಅಂಗೈಯಿಂದ ಅವನ ಕಣ್ಣು ಮುಚ್ಚಿ, ಕಿವಿಯಲ್ಲಿ ಮಾತಾಡುತ್ತ, ಹೆಜ್ಜೆಹೆಜ್ಜೆಯಾಗಿ ಒಳಗೆ ಕರೆದೊಯ್ದ. ಹೊರಗೆ ಬಂದಾಗ ಅವನ ಮುಖವನ್ನು ನೋಡಲು ಅವಳಿಂದಾಗಲಿಲ್ಲ.

*

ಪುಕ್ಕಲನಿದ್ದ ಖಾಲಿ ಕೋಣೆಯ ಅರೆಬಾಗಿಲ ಆಚೆ ಅವನು, ಈಚೆ ಅವಳು.

“ಅವನಿಗೆ ಉದ್ದದ್ದು ಬೇಕು ಅಂತ ನಿಂಗೆ ಗೊತ್ತಿತ್ತು,” ಎಂದ.

“ಗೊತ್ತಿತ್ತು.”

“ನನಗೋಸ್ಕರನಾ?”

ಅವಳು ಹೌದೆಂದು ತಲೆಯಾಡಿಸಿದಳು. ಇಷ್ಟು ವರ್ಷ ಹೇಳದೆ ಉಳಿದ ಮಾತು ಹೀಗೆ, ಅಪರಾಧ ಒಪ್ಪಿಕೊಂಡಂತೆ, ಲದ್ದಿ ಬಾಚದ ನೆಲದ ಮೇಲೆ ಬಿತ್ತು.

“ಇಷ್ಟ ಅಂತ ಬಾಯಿಬಿಟ್ಟು ಹೇಳೋಕಾಗ್ತಿರ್ಲಿಲ್ವೇನೇ? ಒಂದು ಕುದುರೇನೇ ಹಾಳು ಮಾಡಿ ಹೇಳ್ಬೇಕಿತ್ತಾ?”

“ನೀನೂ ಹೇಳ್ಬಹುದಿತ್ತು.”

“ನಾನು ಜಾಕಿ. ನೀನು ಟ್ರೇನರು. ನಾನು ಹೇಳಿದ್ರೆ ಸವಾರಿಗೋಸ್ಕರ ಹೇಳ್ದ ಅಂತಿದ್ರು.”

“ಯಾರು?”

“ನೀನೇ. ಒಂದಲ್ಲ ಒಂದಿನ, ಜಗಳ ಆಡುವಾಗ.”

ಬಾಗಿಲ ಮೇಲಿದ್ದ ಅವಳ ಕೈಯ ಮೇಲೆ ಅವನು ತನ್ನ ಕೈಯಿಟ್ಟ. ಈಗ ಅದು ನಡುಗುತ್ತಿರಲಿಲ್ಲ. ಹೊಟ್ಟೆ ತುಂಬಿದ ಮನುಷ್ಯನ ಬೆಚ್ಚಗಿನ, ಭಾರದ ಕೈ.

“ಈಗ ಸವಾರಿ ಇಲ್ವಲ್ಲ, ಧಾರಾಳವಾಗಿ ಹೇಳಬಹುದು,” ಎಂದ. “ಇಷ್ಟ. ತುಂಬಾ.”

“ಹಾಗಿದ್ರೆ ಹೋಗ್ಬೇಡ.”

ರೈಡಿಂಗ್ ಸ್ಕೂಲೊಂದರಲ್ಲಿ ಮಕ್ಕಳಿಗೆ ಕಲಿಸುವ ಕೆಲಸ ಅವನಿಗೆ ಸಿಕ್ಕಿತ್ತು, ಬೇರೆ ಊರಲ್ಲಿ. ಅಲ್ಲಿ ಯಾರೂ ಯಾರನ್ನೂ ತೂಗುವುದಿಲ್ಲ.

“ಇಲ್ಲೇ ಇದ್ದು ಏನು ಮಾಡ್ಲಿ? ಬೇರೆಯವರು ಹತ್ತೋದನ್ನ ನೋಡ್ತಾ ಇರ್ಲಾ? ಸ್ವಲ್ಪ ದಿನ ನೋಡ್ತೀನಿ. ಆಮೇಲೆ ನಿನ್ನ ಕಂಡ್ರೆ ಆಗದೇ ಹೋಗತ್ತೆ.”

“ಮತ್ತೆ ಹತ್ತು. ಬೇರೆ ಕುದುರೆ ಬರತ್ತೆ.”

“ಬರತ್ತೆ. ಇಂಥದ್ದೇ ಒಂದು ಬರತ್ತೆ ಅಂತಿಟ್ಕೋ. ಇದೇ ಎರಡು ರೇಸು, ಇದೇ ತೂಕ, ಇದೇ ನಾನು. ಯಾವುದಕ್ಕೆ ಹಾಕ್ತೀಯ?”

ಉದ್ದದಕ್ಕೆ ಎಂದರೆ ಮುಗಿಯುತ್ತಿತ್ತು. ಒಂದು ಸುಳ್ಳು, ಅದಕ್ಕೊಂದು ಜೀವಮಾನ. ಅವಳು ಬಾಯಿ ತೆರೆದಳು. ಕಣ್ಣೆದುರಿಗೆ ಕಾಗದದಂತೆ ಮಡಚಿಕೊಂಡ ಅವನ ಮಂಡಿಗಳು ಬಂದವು.

“ಚಿಕ್ಕದಕ್ಕೆ,” ಎಂದಳು.

“ಅದಕ್ಕೇ ಹೋಗ್ತಿರೋದು ಕಣೇ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ಆ ಬರೋ ಕುದುರೆ ಏನು ಪಾಪ ಮಾಡಿದೆ?”

ಬಾಗಿಲ ಮೇಲಿಂದ ಬಾಗಿ ಅವಳ ನೆತ್ತಿಗೆ ತುಟಿಯೊತ್ತಿದ. ಅಷ್ಟು ಎತ್ತರವಿದ್ದದ್ದಕ್ಕೆ ಅವನು ಬಾಗಲೇಬೇಕಾಯಿತು, ಬಹಳ ಹೊತ್ತು ಬಾಗಿಯೇ ಇದ್ದ. ಆಮೇಲೆ ಚೀಲ ಹೆಗಲಿಗೇರಿಸಿ ನಡೆದ. ನೆಲದ ಮೇಲೆ ನಡೆಯುವಾಗ ಅವನು ಚಂದ ಕಾಣುತ್ತಿದ್ದ ಎಂಬುದನ್ನು ಅವಳು ಮೊದಲ ಸಲ ಗಮನಿಸಿದಳು; ಇಷ್ಟು ದಿನ ಅವನನ್ನು ಅಷ್ಟು ದೂರ ನಡೆಯಲು ಬಿಟ್ಟೇ ಇರಲಿಲ್ಲ.

ಆಫೀಸಿನ ಕೋಣೆಯಲ್ಲಿ ಅಪ್ಪ ಕಾಯುತ್ತಿದ್ದರು.

“ಏನಂದ?”

“ಇಷ್ಟ ಅಂದ.”

“ಮತ್ತೆ?”

“ಹೋದ.”

ಅಪ್ಪ ಊರುಗೋಲಿನಿಂದ ಕುರ್ಚಿಯೊಂದನ್ನು ಅವಳ ಕಡೆಗೆ ತಳ್ಳಿದರು.

ಉಳಿದ ಕುದುರೆಗಳಿಗೆ ಮುಂದಿನ ವಾರದ ರೇಸು ಆರಿಸುವುದಿತ್ತು. ಅವಳು ಕೂತಳು. ಈಗ ದೂರ, ನೆಲ, ತಿರುವು ಇಷ್ಟೇ ನೋಡಿದರೆ ಸಾಕು. ಒಂದೊಂದಕ್ಕೂ ತಕ್ಕದ್ದು ತಾನಾಗಿಯೇ ಹೊಂದಿಕೊಳ್ಳುತ್ತ ಹೋಯಿತು. ಒಂದನ್ನೂ ಅವಳು ತಪ್ಪಾಗಿ ಆರಿಸಲಿಲ್ಲ.