ಬಲಗಾಲಿನ ಹೆಜ್ಜೆ

ಅಕ್ಟೋಬರ್ ಮೂರು, ಶುಕ್ರವಾರ, ಬೆಳಿಗ್ಗೆ 9.20. ಬೇಲೂರು ಕೈಗಾರಿಕಾ ಪ್ರದೇಶದ ತಗಡು ಒತ್ತುವ ಕಾರ್ಖಾನೆಯೊಂದರ ಮ್ಯಾನೇಜರ್ ಅತುಲ ಠಾಣೆಗೆ ಬಂದು ದೂರು ಕೊಟ್ಟ. ಹಿಂದಿನ ದಿನ ಕಾವಲುಗಾರ ದಸರೆಯ ಬನ್ನಿ ಎಲೆ ಹಂಚಲು ಹೋಗಿದ್ದಾಗ ಯಾರೋ ಒಳಹೊಕ್ಕು, ಏಳನೇ ನಂಬರ್ ಯಂತ್ರದ ಕಾಲುಪೆಡಲ್ ಬಿಚ್ಚಿಕೊಂಡು ಹೋಗಿದ್ದರು. ಹಳೇ ಕಬ್ಬಿಣದ ತುಂಡಿಗೆ ಇಷ್ಟು ಗಡಿಬಿಡಿ ಯಾಕೆ ಎಂದು ಇನ್ಸ್‌ಪೆಕ್ಟರ್ ಯಶೋಧರಾಗೆ ಆಗಲೇ ಅನುಮಾನ ಬಂತು. ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಹುಲಗೇಶನನ್ನು ಕರೆದುಕೊಂಡು ಹೊರಟಳು.

ಸ್ಥಳ ಪಂಚನಾಮೆ 10.45ಕ್ಕೆ ಶುರುವಾಯಿತು. ಯಂತ್ರದಿಂದ ಬಾಗಿಲವರೆಗೆ ಬರಿಗಾಲಿನ ರಕ್ತದ ಗುರುತುಗಳು, ಬಲಗಾಲಿನವು ಮಾತ್ರ. ನೆಲದ ಮೇಲೆ ಬಿದ್ದಿದ್ದ ತಗಡಿನ ಚೂರು ಚುಚ್ಚಿದವನು ಕುಂಟಬೇಕಿತ್ತು. ಇವನು ಕುಂಟಿರಲಿಲ್ಲ. ಹುಲಗೇಶ ಟೇಪು ಹಿಡಿದು ಅಳೆದ. ಹೆಜ್ಜೆಗಳ ಅಂತರ ಒಂದೇ ಸಮ. ಚುಚ್ಚಿದ್ದು ಅವನಿಗೆ ಗೊತ್ತೇ ಆಗಿಲ್ಲ ಎಂದು ಯಶೋಧರಾ ಲೆಕ್ಕ ಹಾಕಿದಳು.

ಚಪ್ಪಲಿ ಯಾಕೆ ಬಿಟ್ಟ ಎಂಬುದಕ್ಕೆ ಹುಲಗೇಶನೇ ಉತ್ತರ ಕೊಟ್ಟ. ಖಂಡೇ ನವಮಿಯ ಆಯುಧಪೂಜೆಯ ಕುಂಕುಮ, ಹೂವು ಯಂತ್ರದ ಮೇಲೆ ಇನ್ನೂ ಇದ್ದವು. ಅವನ್ನು ಇಳಿಸುವವರೆಗೆ ಅಲ್ಲಿನ ಕಾರ್ಮಿಕರಾರೂ ಚಪ್ಪಲಿ ಮೆಟ್ಟಿ ಹತ್ತಿರ ಹೋಗುವುದಿಲ್ಲ. ಕದಿಯಲು ಬಂದವನೂ ಪೂಜೆಗೆ ಹೆದರಿದ್ದಾನೆ ಎಂದರೆ ಅವನು ಇಲ್ಲಿಯವನೇ.

“ಕಾಲು ಜೋಮು ಹಿಡದದ ಅಂತ ಯಾರರ ತಕರಾರು ಮಾಡ್ಯಾರೇನ್ರಿ?” ಯಶೋಧರಾ ಅತುಲನನ್ನು ಕೇಳಿದಳು.

“ಯಮನಪ್ಪ ಅಂತ ಒಬ್ಬ ಇದ್ದಾನ್ರಿ. ನಾಟಕ ಮಾಡ್ತಾನ,” ಎಂದ ಅತುಲ. “ಕಾಲು ಛಲೋ ಅದ ಅಂತ ನಮ್ಮ ಡಾಕ್ಟರ್ ಬರದುಕೊಟ್ಟಾರ.”

ಕಡತ ತರಿಸಿ ಓದಿದಾಗ ಆಕೆಗೆ ಮೈಯೆಲ್ಲ ಉರಿಯಿತು. ಹನ್ನೊಂದು ವರ್ಷ, ದಿನಕ್ಕೆ ಸಾವಿರಾರು ಸಲ ಅದೇ ಗಡಸು ಪೆಡಲ್ ತುಳಿದು ಪಾದದ ನರ ಸತ್ತಿದೆ ಎಂದು ಯಮನಪ್ಪ ಪರಿಹಾರಕ್ಕೆ ಅರ್ಜಿ ಹಾಕಿದ್ದ. ಸೋಮವಾರ ಕಾರ್ಮಿಕ ಇಲಾಖೆಯ ಅಧಿಕಾರಿ ಯಂತ್ರ ನೋಡಲು ಬರುವವರಿದ್ದರು. ಅಷ್ಟರೊಳಗೆ ಮೆತ್ತನೆಯ ಹೊಸ ಪೆಡಲ್ ಕೂಡಿಸಿ, ಹಳೆಯದನ್ನು ಗುಜರಿಗೆ ಹಾಕಬೇಕೆಂದು ಅತುಲನೇ ಚೀಟಿ ಬರೆದಿದ್ದ. ಮಾಡುವುದು ಅನಾಚಾರ, ಮನೆ ಮುಂದೆ ಬೃಂದಾವನ. ಇಂಥವನು ಕಳ್ಳತನದ ದೂರು ಹೊತ್ತು ಠಾಣೆಗೆ ಬಂದಿದ್ದ.

ಮಧ್ಯಾಹ್ನ 1.15, ಹೆಬ್ಬಳ್ಳಿ. ಯಮನಪ್ಪ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಪೆಡಲ್ ಗೋಣಿಚೀಲದಲ್ಲಿ ಪಕ್ಕಕ್ಕೇ ಇತ್ತು. ಸೋಮವಾರ ಬರುವ ಸಾಹೇಬರಿಗೆ ತೋರಿಸಲೆಂದು ತಾನೇ ಬಿಚ್ಚಿ ತಂದದ್ದಾಗಿ ಒಪ್ಪಿಕೊಂಡ. ಹೆಂಡತಿ ಶೇವಂತೆವ್ವ ಮನೆಯೊಳಗೆ ರಕ್ತ ಕಂಡು, ಅವನ ಕಾಲಿಗೆ ಅರಿಶಿನ ಹಚ್ಚಿ ಬಟ್ಟೆ ಕಟ್ಟಿದ್ದಳು. ಸರಕಾರಿ ಆಸ್ಪತ್ರೆಯಲ್ಲಿ ವೈದ್ಯೆ ಪ್ರಾಚಿ ಅಂಗಾಲಿನಿಂದ ಅರ್ಧ ಅಂಗುಲದ ತಗಡಿನ ಚೂರು ಎಳೆದು ತೆಗೆದರು. ಅವನು ಹುಬ್ಬು ಕೂಡ ಗಂಟಿಕ್ಕಲಿಲ್ಲ.

ಸಂಜೆ ಠಾಣೆಯಲ್ಲಿ ಅತುಲನ ಮರುಹೇಳಿಕೆ ಸಹಿಗೆ ಸಿದ್ಧವಾಯಿತು: ರಕ್ತದ ಹೆಜ್ಜೆಗಳು ಯಮನಪ್ಪನವೇ. ಜೊತೆಗಿದ್ದ ವೈದ್ಯೆ ಪ್ರಾಚಿಯವರ ವರದಿ ಓದಿ ಅತುಲ ಪೆನ್ನು ಕೆಳಗಿಟ್ಟ. ವಕೀಲರನ್ನು ಕೇಳಬೇಕಂತೆ.

“ಕೇಳ್ರಿ,” ಎಂದಳು ಯಶೋಧರಾ. “ಆ ಹೆಜ್ಜಿ ಇವನದಲ್ಲ ಅಂದ್ರ ನಿಮ್ಮ ದೂರು ಬೀಳ್ತದ. ಇವನದ ಅಂದ್ರ ನಿಮ್ಮ ಡಾಕ್ಟರ್ ಬರದದ್ದು ಸುಳ್ಳಾಗ್ತದ. ಯಾವುದಕ್ಕ ಸಹಿ ಹಾಕ್ತೀರಿ?”

ಅತುಲ ವಕೀಲರಿಗೆ ಫೋನ್ ಮಾಡಲು ಹೊರಗೆ ಹೋದ. 5.40ಕ್ಕೆ ಯಮನಪ್ಪನ ಬಂಧನ ದಾಖಲಾಯಿತು. ಕಳ್ಳತನಕ್ಕೆ ಕಳ್ಳತನವೆಂದೇ ಬರೆಯಬೇಕು. ಯಶೋಧರಾ ಹಲ್ಲು ಕಚ್ಚಿ ಬರೆದಳು. ವೈದ್ಯೆಯ ವರದಿಯ ಕೊನೆಯ ಸಾಲು ಗಟ್ಟಿಯಾಗಿ ಓದಬೇಕೆಂದು ಯಮನಪ್ಪ ಕೇಳಿಕೊಂಡ. ಆಕೆ ಓದಿದಳು: ಬಲಪಾದದಲ್ಲಿ ಸ್ಪರ್ಶಜ್ಞಾನವಿಲ್ಲ.

“ಇನ್ನೊಮ್ಮೆ ಓದ್ರಿ, ಮೇಡಂ,” ಎಂದು ಅವನು ಬಾಗಿಲಲ್ಲಿ ನಿಂತ ಶೇವಂತೆವ್ವನ ಕಡೆ ನೋಡಿದ. “ಆಕಿನೂ ನಂಬಿರಲಿಲ್ಲರಿ.”