ಮೂರನೇ ಪಂಪಿನ ಕೆಮ್ಮು

ಆಯುಧಪೂಜೆಯ ದಿನ ಬೆಳಗಿನ ಪಾಳಿಗೆ ಬಂದ ಮಾದೇವಿಯ ಕೈಪಟ್ಟಿ ಐವತ್ತೆಂಟು ಎಂದು ತೋರಿಸಿತು. ಅರವತ್ತು ದಾಟಿದರೆ ಕೆಲಸ ಹೋದಂತೆಯೇ.

ಆ ಪಟ್ಟಿಯ ಹೆಸರು ಆಪ್ತಮಾಪಕ. ನಾಡಿಯ ಏರಿಳಿತವನ್ನೂ ಬೆವರಿನ ಲವಣವನ್ನೂ ಅಳೆದು, ಧರಿಸಿದವರಿಗೆ ತಾವು ದುಡಿಯುವ ಜಾಗದ ಮೇಲೆ ಎಷ್ಟು ಮಮತೆ ಹುಟ್ಟಿದೆಯೆಂದು ಅದು ಹೇಳುತ್ತಿತ್ತು. ನಂಜನಗೂಡಿನ ಆ ಲಸಿಕೆ ಕಾರ್ಖಾನೆ ಅದನ್ನು ಕಟ್ಟಿದ್ದು ಏಜೆನ್ಸಿಯಿಂದ ಬಂದ ಗುತ್ತಿಗೆಯವರಿಗೆ ಮಾತ್ರ. ಕಾರ್ಖಾನೆ ತಮ್ಮದೆನ್ನಿಸಿದರೆ ಅವರು ಕಾಯಂ ಮಾಡಿ ಎಂದು ಕೋರ್ಟಿಗೆ ಹೋದಾರು ಎಂಬ ಭಯ. ಮಮತೆಗೂ ಮಿತಿ ಗೊತ್ತುಮಾಡಿದ ಪುಣ್ಯಾತ್ಮರು!

ಆರು ವರ್ಷಗಳಿಂದ, ಲಸಿಕೆಯನ್ನು ತಣ್ಣಗಿಡುವ ಶೀತಲಘಟಕದ ಪಂಪುಗಳನ್ನು ನೋಡಿಕೊಳ್ಳುತ್ತಿದ್ದ ಮಾದೇವಿ ಕೆಲಸ ಉಳಿಸಿಕೊಳ್ಳಲು ಯಾರ ಹುಟ್ಟುಹಬ್ಬದ ಕೇಕನ್ನೂ ಮುಟ್ಟುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ಗೋಡೆಗೆ ಮುಖಮಾಡಿ ಉಣ್ಣುತ್ತಿದ್ದಳು. ಅಂದಿನ ಪೂಜೆಯ ಫೋಟೋದಲ್ಲೂ ಗುತ್ತಿಗೆಯವರಿಗೆ ಜಾಗವಿರಲಿಲ್ಲ. ಎಲ್ಲರೂ ಚದುರಿದ ಮೇಲೆ, ತಡೆಯಲಾರದೆ, ಮೂರನೇ ಪಂಪಿಗೆ ಕುಂಕುಮವಿಟ್ಟು ಉಳಿದ ಚೆಂಡುಹೂ ಸುತ್ತಿದಳು. ಮಾಪಕ ಅರವತ್ತೊಂಬತ್ತಕ್ಕೆ ಜಿಗಿಯಿತು.

ಮಾಪಕದ ಜನಕ ಡಾ. ಅಚ್ಯುತ ಪಡಿಯಾರ್ ಅವಳನ್ನು ಕರೆಸಿದರು.

“ಒಂದು ಪಂಪಿಗೆ ಹೂ ಸುತ್ತಿದ್ದಕ್ಕೆ ಹನ್ನೊಂದು ಅಂಶವೇನಮ್ಮ?”

“ಬೇರಿಂಗ್ ಹೋಗಕ್ಕೆ ಮುಂಚೆ ಅದು ಸಣ್ಣಗೆ ಕೆಮ್ತದೆ ಸಾ. ನಂಗೊಬ್ಳಿಗೇ ಗೊತ್ತಾಯ್ತದೆ. ಒಂದಿನಾನೂ ನಿಲ್ಲಕ್ಕೆ ಬಿಟ್ಟಿಲ್ಲ. ಕೆಲ್ಸದಿಂದ ತೆಗೀಬ್ಯಾಡಿ, ಮಗಳು ನರ್ಸಿಂಗ್ ಓದ್ತಾವ್ಳೆ.”

ಪಡಿಯಾರರಿಗೆ ನಿಜಕ್ಕೂ ಕನಿಕರವಾಯಿತು. “ತೆಗೆಯೋದು ಬೇಡ. ಮಮತಾಶಮನ ಮಾಡೋಣ. ಮೂರು ಸಲ ಈ ಶಿರಪಟ್ಟಿ ಕಟ್ಟಿಕೊಂಡರೆ ಸಾಕು. ಈ ಜಾಗದ ಮೇಲಿನ ಅಂಟು ಬಿಡುತ್ತೆ, ಕೆಲಸದ ಜ್ಞಾನ ಹಾಗೇ ಇರುತ್ತೆ. ನೋವಿಲ್ಲ.”

ನೋವಾಗಲಿಲ್ಲ. ಮಾಪಕ ಸೊನ್ನೆಗಿಳಿದು ಹಸಿರು ದೀಪ ಬೆಳಗಿತು. ಆಡಳಿತ ಅವಳಿಗೆ ‘ಆದರ್ಶ ಗುತ್ತಿಗೆ ಕಾರ್ಮಿಕೆ’ ಎಂಬ ಪ್ರಮಾಣಪತ್ರ ಕೊಟ್ಟು, ಈ ಸಲ ಫೋಟೋವನ್ನೂ ತೆಗೆಸಿತು.

ದೀಪಾವಳಿ ಕಳೆದ ವಾರ, ಮಧ್ಯಾಹ್ನ, ಮೂರನೇ ಪಂಪು ಕೆಮ್ಮಿತು. ಪಕ್ಕದಲ್ಲೇ ಇದ್ದ ಇಬ್ಬರು ಕಾಯಂ ನೌಕರರಿಗೆ ಗಡಗಡ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಮಾದೇವಿ ನಿಯಮದಂತೆ ದೂರಿನ ನಮೂನೆ ತುಂಬಿ ಪೆಟ್ಟಿಗೆಗೆ ಹಾಕಿದಳು. ಪಾಳಿ ಮುಗಿದಿತ್ತು, ಚೀಲ ಹೆಗಲಿಗೇರಿಸಿ ಹೊರಟಳು. ಬೆಳಗಾಗುವಷ್ಟರಲ್ಲಿ ಪಂಪು ನಿಂತು, ಎರಡು ಜಿಲ್ಲೆಯ ಮಕ್ಕಳಿಗೆ ಹೋಗಬೇಕಿದ್ದ ಲಸಿಕೆ ಕೆಟ್ಟಿತ್ತು.

ಪಡಿಯಾರರು ಓಡಿಬಂದರು. “ನಿನಗೆ ಕೇಳಿಸಲಿಲ್ಲವೇನಮ್ಮ?”

“ಕೇಳಿಸ್ತು ಸಾ.”

“ಮತ್ತೆ?”

ಮಾದೇವಿ ಅವರನ್ನು ಶಾಂತವಾಗಿ ನೋಡಿದಳು. ಅವಳ ಮುಖದಲ್ಲಿ ಸಿಟ್ಟಾಗಲಿ ದುಃಖವಾಗಲಿ ಇರಲಿಲ್ಲ.

“ಬರ್ದು ಹಾಕಿದ್ನಲ್ಲ ಸಾ. ಪಂಪು ನಿಮ್ದಲ್ವಾ?”

ಅವಳ ಕೈಪಟ್ಟಿಯಲ್ಲಿ ಹಸಿರು ದೀಪ ನೆಟ್ಟಗೆ ಉರಿಯುತ್ತಿತ್ತು. ಮಾಪಕದಲ್ಲಿ ದೋಷವೇನೂ ಇರಲಿಲ್ಲ.